ಕಂಪ್ರೆಸರ್ ಇಲ್ಲದ ಕಾರು

ನಾನು ಕೆಲಸ ಮಾಡುತ್ತಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ‘ಮಹಿಳೆಯರಿಗೆ ಮಹಿಳೆಯರಿಂದಲೇ ತರಬೇತಿ, ಎಸಿ ಕಾರು’ ಎಂದು ಬರೆದಿತ್ತು. ಮಹಿಳೆ ಎಂದರೆ ನಾನೊಬ್ಬಳೇ. ಎಸಿ ಕಾರು ಎಂದರೆ ಯಾವುದು ಎಂದು ಎರಡು ಬೇಸಿಗೆ ಹುಡುಕಿದೆ, ಸಿಗಲಿಲ್ಲ.

ನನಗೆ ಕೊಟ್ಟಿದ್ದ ಬಿಳಿ ಕಾರಿನಲ್ಲಿ ಎಸಿಯ ಬಟನ್ ಇತ್ತು. ಒತ್ತಿದರೆ ನೀಲಿ ದೀಪ ಹೊತ್ತಿಕೊಳ್ಳುತ್ತಿತ್ತು. ಬ್ಲೋವರ್ ಭರ್ರೆಂದು ಸದ್ದು ಮಾಡುತ್ತಿತ್ತು, ಗಾಳಿಯೂ ಬರುತ್ತಿತ್ತು. ಆದರೆ ಬಂದದ್ದು ಇಸ್ತ್ರಿ ಅಂಗಡಿಯ ಮುಂದೆ ನಿಂತರೆ ಮುಖಕ್ಕೆ ಬಡಿಯುವಂಥ ಗಾಳಿ. ಏಪ್ರಿಲ್ ತಿಂಗಳಲ್ಲಿ ಆರ್.ಟಿ. ನಗರದಿಂದ ಹೆಬ್ಬಾಳ ದಾಟಿ ತಣಿಸಂದ್ರದ ಕಡೆಗೆ ಕ್ಲಾಸ್ ತೆಗೆದುಕೊಂಡು ಹೋಗಿ ಬರುವಷ್ಟರಲ್ಲಿ ನನ್ನ ಚೂಡಿದಾರದ ಬೆನ್ನು ಸೀಟಿಗೆ ಅಂಟಿಕೊಂಡಿರುತ್ತಿತ್ತು.

ಸ್ಕೂಲಿನ ಮಾಲೀಕನನ್ನು ಆಗ ಸಾರ್ ಎನ್ನುತ್ತಿದ್ದೆ. ಈಗ ಅಷ್ಟು ಮರ್ಯಾದೆ ಕೊಡುವ ಮನಸ್ಸಿಲ್ಲ, ಏಕವಚನದಲ್ಲೇ ಬರೆಯುತ್ತೇನೆ. ನಾನು ದೂರು ಹೇಳಿದಾಗಲೆಲ್ಲ ಅವನು ಬೇಸರ ಮಾಡಿಕೊಳ್ಳದೆ ಕಾರನ್ನು ತನ್ನ ಮೆಕ್ಯಾನಿಕ್ ಬಳಿ ಕಳಿಸುತ್ತಿದ್ದ. ಸಂಜೆ ಕಾರು ವಾಪಸ್ ಬರುವಾಗ ಏನೋ ಒಂದು ಹೊಸದಾಗಿರುತ್ತಿತ್ತು. ಒಂದು ಸಲ ರಿಲೇ ಬದಲಾಯಿತು. ಇನ್ನೊಂದು ಸಲ ಬ್ಲೋವರ್ ಮೋಟರು ಬದಲಾಯಿತು, ಬಿಸಿ ಗಾಳಿ ಇನ್ನೂ ಜೋರಾಗಿ ಬರತೊಡಗಿತು. ಮತ್ತೊಂದು ಸಲ ಬಟನ್ನಿನ ಪ್ಯಾನೆಲ್ಲನ್ನೇ ಬದಲಿಸಿ, ನೀಲಿ ದೀಪ ಮೊದಲಿಗಿಂತ ಚೆನ್ನಾಗಿ ಹೊಳೆಯುವ ಹಾಗೆ ಮಾಡಿ ಕಳಿಸಿದರು. ‘ನೋಡಿ, ಹೊಸ ಪಾರ್ಟ್ಸ್ ಹಾಕ್ಸಿದೀನಿ, ಇನ್ನೇನ್ ಬೇಕು ನಿಮ್ಗೆ?’ ಎಂದು ಅವನು ಕೇಳುತ್ತಿದ್ದ. ಅರ್ಧ ಗಂಟೆಯ ಕ್ಲಾಸಿಗೆ ಎಸಿ ಯಾಕೆ, ಕಿಟಕಿ ಇಳಿಸಿದರೆ ಸಾಕಲ್ಲ ಎನ್ನುವುದು ಅವನ ಕೊನೆಯ ಮಾತಾಗಿರುತ್ತಿತ್ತು.

ಕಿಟಕಿ ಇಳಿಸಿದರೆ ಸಾಕಂತೆ! ಕಾರಿನ ಮೇಲೆ ಎಲ್ ಬೋರ್ಡು, ಸ್ಟೀರಿಂಗ್ ಹಿಡಿದವಳು ಹೆಂಗಸು, ಕಿಟಕಿ ತೆರೆದಿದೆ ಎಂದರೆ ಏನಾಗುತ್ತದೆ ಎಂದು ಅವನು ಒಂದು ದಿನವೂ ಆ ಸೀಟಿನಲ್ಲಿ ಕೂತು ನೋಡಿದವನಲ್ಲ. ಹೆಬ್ಬಾಳದ ಸರ್ವೀಸ್ ರಸ್ತೆಯಲ್ಲಿ ಕಾರು ಒಮ್ಮೆ ಆಫ್ ಆದರೆ ಸಾಕು, ಪಕ್ಕದಲ್ಲಿ ಬೈಕಿನವನು ಕಾಲೂರಿ ಬಗ್ಗಿ ಕೇಳುತ್ತಾನೆ: ‘ಆಂಟಿ, ಮನೇಲಿ ಗ್ಯಾಸ್ ಆಫ್ ಮಾಡ್ಬಂದ್ರಾ?’ ಹಿಂದಿನಿಂದ ಇನ್ನೊಬ್ಬ ಕೂಗುತ್ತಾನೆ: ‘ದೂರ ಹೋಗ್ ಗುರು, ಆಂಟಿ ಬರ್ತಾವ್ರೆ, ಉಳ್ಕೊಳಲ್ಲ ನೀನು!’ ಸುತ್ತಲಿದ್ದವರು ನಗುತ್ತಾರೆ. ಕಲಿಯುವವಳು ಕ್ಲಚ್ ಬಿಟ್ಟುಬಿಟ್ಟು ಕಾರು ಮತ್ತೆ ಆಫ್ ಆಗುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಎರಡು ದಿನ ಹೀಗಾದರೆ ಮೂರನೆಯ ದಿನ ಅವಳು ಬರುವುದಿಲ್ಲ. ಕಟ್ಟಿದ ಫೀಸು ಅವನಿಗೇ ಉಳಿಯುತ್ತದೆ. ಕಿಟಕಿ ಏರಿಸಿದ್ದರೆ ಅದೇ ಗಂಡಸರ ಬಾಯಿ ಆಡುವುದಷ್ಟೇ ಕಾಣುತ್ತದೆ, ಮಾತು ಒಳಗೆ ಬರುವುದಿಲ್ಲ. ಹೆಂಗಸು ಧೈರ್ಯವಾಗಿ ಗೇರ್ ಹಾಕುತ್ತಾಳೆ. ನನಗೆ ಎಸಿ ಬೇಕಾಗಿದ್ದದ್ದು ಇದಕ್ಕೆ, ಸುಖಕ್ಕಲ್ಲ.

ಎರಡನೆಯ ಬೇಸಿಗೆಯಲ್ಲಿ ನನ್ನ ಕ್ಲಾಸಿಗೆ ತಣಿಸಂದ್ರದ ಕಡೆಯ ಹಳೇ ಊರಿನ ಒಬ್ಬ ಅಮ್ಮ ಸೇರಿದರು. ಅರವತ್ತರ ಹತ್ತಿರದ ವಯಸ್ಸು. ಮೂಗಿಗೆ ಬೇಸರಿ, ಕೈತುಂಬ ಹಸಿರು ಬಳೆ. ಹೊಲ ಗದ್ದೆಯೆಲ್ಲ ಅಪಾರ್ಟ್‌ಮೆಂಟ್ ಆದಮೇಲೆ ಮನೆಯ ಮುಂದೆ ದೊಡ್ಡ ದೊಡ್ಡ ಕಾರು ನಿಂತ ಮನೆತನ. ಅವರು ಮಾತ್ರ ಕ್ಲಾಸಿಗೆ ಆಟೋದಲ್ಲಿ ಬರುತ್ತಿದ್ದರು. ಚಪ್ಪಲಿಯನ್ನು ಹೊರಗೇ ಬಿಟ್ಟು, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುತ್ತಿದ್ದರು. ಚಪ್ಪಲಿ ಒಳಗಿಡಿ ಅಮ್ಮ, ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಎಂದು ದಿನಾ ನಾನೇ ಎತ್ತಿ ಹಿಂದಿನ ಸೀಟಿನ ಕೆಳಗೆ ಇಡುತ್ತಿದ್ದೆ.

‘ಮನೇಲಿ ಮೂರ್ ಕಾರ್ ಐತೆ ಕಣಮ್ಮ. ಒಂದ್ರಾಗೂ ನಾನು ಮುಂದ್ಗಡೆ ಕೂತಿಲ್ಲ’ ಎಂದರು ಮೊದಲ ದಿನ.

‘ಈಗ್ಯಾಕೆ ಕಲಿಬೇಕು ಅನ್ಸ್ತು?’ ಎಂದೆ.

‘ನಮ್ಮಕ್ಕ ಇದ್ದಾಳೆ, ರಾಜಾನುಕುಂಟೆ ದಾಟಿ ಊರು. ಆಸಿಗೆ ಇಡ್ದವ್ಳೆ. ನಮ್ಮವ್ವ ತೀರ್ಕೊಂಡ್ಮೇಲೆ ನನ್ನ ಸಾಕ್ದೋಳು ಅವ್ಳೇ. ನೋಡ್ಬೇಕು ಅಂದ್ರೆ ಮಗ, ಭಾನುವಾರ ಓಗಣ ಕಣಮ್ಮ ಅಂತಾನೆ. ಭಾನುವಾರ ಸೈಟ್ ನೋಡಕ್ ಯಾರಾದ್ರೂ ಬತ್ತಾರೆ. ಆಟೋದೋರು ಅಷ್ಟ್ ದೂರ ಬರಲ್ಲ ಅಂತಾರೆ. ಬಸ್ಸು ಅತ್ತೋಕೆ ಮಂಡಿ ಬಿಡಲ್ಲ. ಅವ್ಳು ಇರೋತನಕ ನಾನೇ ಓಗ್ಬೇಕು, ನಾನೇ ಬರ್ಬೇಕು. ಅಷ್ಟೇ.’

ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಹೇಳಿದರೆ ಈ ವಯಸ್ಸಿನಲ್ಲಿ ನಿನಗ್ಯಾಕೆ ಎಂದು ಅಡ್ಡ ಬರುತ್ತಾರೆಂದು ಅವರಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮಂಡಿನೋವಿಗೆ ಕರೆಂಟ್ ಕೊಡಿಸಿಕೊಳ್ಳಲು ಹೋಗುತ್ತೇನೆಂದು ಹೇಳಿ ಬರುತ್ತಿದ್ದರು. ಲೈಸೆನ್ಸ್ ಕೈಗೆ ಬರುವವರೆಗೆ ಗುಟ್ಟು ಹೊರಬೀಳಬಾರದು. ಆದ್ದರಿಂದ ಕಿಟಕಿ ಇಳಿಸುವ ಪ್ರಶ್ನೆಯೇ ಇರಲಿಲ್ಲ. ನಾವು ಓಡಿಸುತ್ತಿದ್ದ ತಣಿಸಂದ್ರದ ರಸ್ತೆಯಲ್ಲಿ ಹಾಲಿನ ಬೂತಿನವರಿಂದ ಹಿಡಿದು ಹಾರ್ಡ್‌ವೇರ್ ಅಂಗಡಿಯವರವರೆಗೆ ಎಲ್ಲರೂ ಒಂದೋ ನೆಂಟರು, ಇಲ್ಲವೇ ಬಾಡಿಗೆದಾರರು. ಸೆರಗನ್ನು ತಲೆ ಮೇಲೆ ಎಳೆದುಕೊಂಡು, ನಾಲ್ಕೂ ಕಿಟಕಿ ಮುಚ್ಚಿ, ಆ ಬಿಸಿ ಗಾಳಿಯಲ್ಲಿ ಬೆವರಿನಲ್ಲಿ ತೋಯುತ್ತ ಅವರು ಕಲಿತರು. ಚೆನ್ನಾಗಿಯೂ ಕಲಿತರು. ಬರಿಗಾಲಿಗೆ ಕ್ಲಚ್ ಎಷ್ಟು ಬಿಡಬೇಕೆಂದು ಬೇಗ ತಿಳಿಯಿತು.

ಒಂದು ಮಧ್ಯಾಹ್ನ, ಸ್ಕೂಲಿನವರು ಅಭ್ಯಾಸಕ್ಕೆ ಬಳಸುತ್ತಿದ್ದ ಮೈದಾನದಲ್ಲಿ ರಿವರ್ಸ್ ತೆಗೆಯುತ್ತಿದ್ದಾಗ ಅವರ ಕೈ ಸ್ಟೀರಿಂಗ್ ಮೇಲಿಂದ ಜಾರಿತು. ನಾನು ನನ್ನ ಕಡೆಯ ಬ್ರೇಕ್ ಒತ್ತಿದೆ. ಕಾರು ನಿಂತಿತು. ಅವರ ಕಣ್ಣು ಮೇಲಕ್ಕೆ ಹೋಗಿತ್ತು, ತುಟಿ ಒಣಗಿತ್ತು. ಬಾಗಿಲು ತೆರೆದು ಹೊರಗೆ ಕೂರಿಸಿ ನೀರು ಚಿಮುಕಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟವರು ಮೊದಲು ಮಾಡಿದ ಕೆಲಸ ಸೆರಗನ್ನು ಮುಖಕ್ಕೆ ಎಳೆದುಕೊಂಡು ರಸ್ತೆಯ ಕಡೆ ನೋಡಿದ್ದು. ‘ಯಾರಾನ ನೋಡುದ್ರಾ?’ ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ನನ್ನ ರಜೆ. ಯಾರನ್ನೂ ಕೇಳದೆ ಕಾರನ್ನು ದಾಸರಹಳ್ಳಿಗೆ, ಎಸಿ ಕೆಲಸವನ್ನಷ್ಟೇ ಮಾಡುವ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನವನು ಬಾನೆಟ್ ಎತ್ತಿ ಬಗ್ಗಿ ನೋಡಿದವನು ಜೋರಾಗಿ ನಕ್ಕ. ಕೆಲಸದವರನ್ನೆಲ್ಲ ಕರೆದು ತೋರಿಸಿದ. ಅವರೂ ನಕ್ಕರು. ನಾನು ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ.

‘ಮೇಡಂ, ಇದ್ರಲ್ಲಿ ಕಂಪ್ರೆಸರೇ ಇಲ್ವಲ್ರೀ!’

ತೋರಿಸಿದ. ಎಸಿಯ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಇರಬೇಕಾದ ಜಾಗದಲ್ಲಿ ಬೆಲ್ಟ್ ಜಾರದಿರಲೆಂದು ಒಂದು ಬರೀ ಪುಲ್ಲಿ ಕೂರಿಸಿದ್ದರು. ರೇಡಿಯೇಟರಿನ ಮುಂದೆ ಜಾಲರಿಯ ಹಾಗೆ ಇರಬೇಕಿದ್ದ, ಗ್ಯಾಸನ್ನು ತಣಿಸುವ ಕಂಡೆನ್ಸರೂ ಮಾಯ. ಪೈಪುಗಳ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಹಾಲಿನ ಕವರು, ಮೇಲಿನ ಅಕ್ಷರ ಕೂಡ ಕಾಣುತ್ತಿತ್ತು. ಪೈಪು ಇಷ್ಟು ದಿನ ತೆರೆದಿದ್ದರಿಂದ ಒಳಗೆ ತೇವ, ಧೂಳು ಸೇರಿದೆ, ಈಗ ಕಂಪ್ರೆಸರ್, ಕಂಡೆನ್ಸರ್ ಹಾಕಿದರಷ್ಟೇ ಸಾಲದು, ತೇವ ಹೀರುವ ಡ್ರೈಯರ್ ಬಾಟಲನ್ನೂ ಬದಲಿಸಬೇಕು, ಲೈನೆಲ್ಲ ತೊಳೆದು ಗಾಳಿ ಎಳೆದು ಆಮೇಲೆ ಗ್ಯಾಸ್ ತುಂಬಬೇಕು ಎಂದ. ಎಲ್ಲ ಹೇಳಿ ಮುಗಿಸಿ, ‘ಸಾರ್ ನಂಬರ್ ಕೊಡಿ, ಅವ್ರತ್ರಾನೇ ಮಾತಾಡ್ತೀನಿ’ ಎಂದ.

‘ಯಾವ ಸಾರ್? ಗಾಡಿ ತಂದಿರೋಳು ನಾನು. ಇಷ್ಟೊತ್ತು ಕೇಳಿಸ್ಕೊಂಡೋಳೂ ನಾನೇ’ ಎಂದೆ. ಅವನಿಗೆ ಅರ್ಥವಾದಂತೆ ಕಾಣಲಿಲ್ಲ.

ಅಂದರೆ ರಿಲೇ, ಮೋಟರು, ನೀಲಿ ದೀಪ ಎಲ್ಲವೂ ನಾಟಕ. ಇಲ್ಲದ ಯಂತ್ರಕ್ಕೆ ಎರಡು ಬೇಸಿಗೆ ರಿಪೇರಿ. ತುಮಕೂರು ರಸ್ತೆಯಲ್ಲಿ ಲಾರಿಗಳ ಮಧ್ಯೆ ವಾಪಸ್ ಬರುವಾಗ ಆ ಬಟನ್ನನ್ನು ಒತ್ತಿದೆ. ದೀಪ ಹೊತ್ತಿತು. ಕಿತ್ತು ಬಿಸಾಡಬೇಕೆನ್ನಿಸಿತು.

ಆಫೀಸಿನಲ್ಲಿ ಕೇಳಿದಾಗ ಮಾಲೀಕ ಸ್ವಲ್ಪವೂ ಮುಜುಗರಪಡಲಿಲ್ಲ. ಅವನ ಮನೆಯ ಕಾರೂ ಅದೇ ಕಂಪನಿಯದು, ಅದೇ ಮಾಡೆಲ್. ಅದರ ಕಂಪ್ರೆಸರ್ ಹೋದಾಗ ಕ್ಲಾಸಿನ ಕಾರಿನದನ್ನು ಬಿಚ್ಚಿ ಅದಕ್ಕೆ ಹಾಕಿಸಿದ್ದ. ಆಮೇಲೆ ಕಲ್ಲು ಬಡಿದು ಮನೆಯ ಕಾರಿನ ಕಂಡೆನ್ಸರ್ ತೂತಾದಾಗ ಕ್ಲಾಸಿನ ಕಾರಿನದನ್ನೂ ಬಿಚ್ಚಿಸಿದ.

‘ಎರಡೂ ನಂದೇ ಗಾಡಿ ಅಲ್ವಾ? ಇದ್ರದ್ದು ಅದಕ್ಕೆ ಹಾಕ್ದೆ. ತಪ್ಪೇನು?’ ಎಂದ. ‘ಎಸಿ ಇದ್ರೆ ಲೇಡೀಸ್ ಇಳಿಯೋದೇ ಇಲ್ಲ ಕಣ್ರೀ. ಮಾತಾಡ್ತಾ ಕೂತ್ಬಿಡ್ತಾರೆ.’

‘ಬೋರ್ಡಲ್ಲಿ ಎಸಿ ಕಾರು ಅಂತ ಬರ್ಸಿದೀರಲ್ಲ ಸಾರ್?’

‘ಬೋರ್ಡು ಹಳೇದು.’

ಅಷ್ಟೇ ಅವನ ಉತ್ತರ. ನಾನು ಕೂಗಾಡಿದೆ. ಪಕ್ಕದ ಜೆರಾಕ್ಸ್ ಅಂಗಡಿಯವನು ಬಂದು ಇಣುಕಿ ಹೋದ. ಮಾಲೀಕ ಮಾತ್ರ ಫೋನ್ ನೋಡುತ್ತಾ ನಗುತ್ತಿದ್ದ. ಹೆಂಗಸು ಕೂಗಾಡಿದರೆ ಗಂಡಸಿಗೆ ಯಾಕೆ ನಗು ಬರುತ್ತದೋ ನನಗೆ ಇಂದಿಗೂ ಗೊತ್ತಿಲ್ಲ.

ಅಮ್ಮನಿಗೆ ವಿಷಯ ಹೇಳಿದೆ. ನೀವು ಮೂರ್ಛೆ ಹೋದದ್ದು ಬಿಸಿಲಿಗಲ್ಲ, ಅವನ ಕಳ್ಳಾಟಕ್ಕೆ ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಆಫೀಸಿಗೆ ನಡೆದರು. ಮಾಲೀಕನ ಮುಂದೆ ನಿಂತು, ‘ನೀನು ಎಸಿ ಕಾರು ಅಂತ ಬರ್ಸಿದ್ದೀಯ, ನಾನು ಅದ್ನ ನಂಬ್ಕೊಂಡು ಸೇರಿವ್ನಿ. ಎಲ್ಲಪ್ಪ ಎಸಿ?’ ಎಂದರು.

ಅವರ ಗತ್ತು ನೋಡಿ ಅವನಿಗೆ ಏನೋ ಅನುಮಾನ ಬಂದಿರಬೇಕು. ಹೆಂಗಸರ ಅರ್ಜಿಗಳನ್ನು ಅವನು ಎಂದೂ ನೋಡಿದವನಲ್ಲ. ಎದ್ದು ನಿಂತು ಕೇಳಿದ: ‘ಅಮ್ಮಾ, ತಮ್ದು ಯಾವೂರು? ಯಾರ ಮನೆಯೋರು?’

ಅಲ್ಲೇ ಎಲ್ಲ ಕೆಟ್ಟಿತು. ಹಳೇ ಊರಿನ ಹೆಂಗಸಿಗೆ ಯಾರ ಮನೆಯವರು ಎಂದು ಕೇಳಿದರೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ. ಮಂಡಿಗೆ ಕರೆಂಟ್ ಎಂದು ತಿಂಗಳುಗಟ್ಟಲೆ ಹೇಳಿದ ಅದೇ ಬಾಯಿ, ಮಾವನ ಹೆಸರು, ಗಂಡನ ಹೆಸರು, ಮನೆತನದ ಹೆಸರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿತು. ನಾನು ಹಿಂದಿನಿಂದ ಸೆರಗು ಎಳೆದದ್ದು ಅವರಿಗೆ ತಿಳಿಯಲೇ ಇಲ್ಲ.

ಮಾಲೀಕನ ಮುಖದ ಬಣ್ಣ ಹೋಯಿತು. ನಾವು ರಿವರ್ಸ್ ಕಲಿಸುತ್ತಿದ್ದ ಮೈದಾನ ಆ ಮನೆಯವರ ಖಾಲಿ ಜಾಗ. ಅವರ ದೊಡ್ಡ ಮಗ ತಾನೇ ಕೊಂಡು, ಸ್ಕೂಲಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು, ಅಮ್ಮನಿಗೂ ಗೊತ್ತಿರಲಿಲ್ಲ. ‘ಅಯ್ಯೋ ಅಮ್ಮಾ, ಮೊದ್ಲೇ ಹೇಳ್ಬಾರ್ದಾ! ಕೂತ್ಕೊಳಿ, ಕೂತ್ಕೊಳಿ. ಜ್ಯೂಸ್ ತರಿಸ್ಲಾ?’ ಎಂದು ಕುರ್ಚಿಯನ್ನು ತನ್ನ ಕರ್ಚೀಫಿನಲ್ಲಿ ಒರೆಸಿದ. ಎಸಿ ಸರಿಮಾಡಿಸಿಯೇ ಕೊಡುತ್ತೇನೆಂದ. ಮನೆಯಲ್ಲಿ ಹೇಳಬೇಡ ಎಂದು ಅಮ್ಮ ಕೇಳಿಕೊಂಡರು. ಎದೆ ಮುಟ್ಟಿಕೊಂಡು ಹೇಳುವುದಿಲ್ಲ ಎಂದ. ನಾನೂ ಎಚ್ಚರಿಸಿದೆ. ‘ನನ್ಗೆ ಅಷ್ಟೂ ಗೊತ್ತಾಗಲ್ವಾ ಮೇಡಂ?’ ಎಂದ.

ನಾನು ಎರಡು ಬೇಸಿಗೆ ಬಡಕೊಂಡರೂ ಆಗದ ಕೆಲಸ ಒಂದು ಮನೆತನದ ಹೆಸರಿಗೆ ವಾರ ತುಂಬುವುದರೊಳಗೆ ಆಯಿತು. ಕಾರಿಗೆ ಹೊಸ ಕಂಪ್ರೆಸರ್ ಬಂತು, ಕಂಡೆನ್ಸರ್ ಬಂತು, ಡ್ರೈಯರ್ ಬಂತು, ಪೈಪಿನ ಜಾಯಿಂಟುಗಳಿಗೆ ಹೊಸ ರಬ್ಬರ್ ರಿಂಗು ಬಂತು. ಲೈನ್ ತೊಳೆದು ಗ್ಯಾಸ್ ತುಂಬಿಸಿದರು. ಬಟನ್ ಒತ್ತಿದೆ, ಬಾನೆಟ್ಟಿನೊಳಗೆ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ತಣ್ಣನೆಯ ಗಾಳಿ ಬೀಸತೊಡಗಿತು. ಅಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ ಗಾಳಿಗೆ ಕೈಯೊಡ್ಡಿ ಕೂತರು. ‘ಇನ್ ಬುಡಮ್ಮ, ಎಲ್ ಬೇಕಾದ್ರೂ ಓಡಿಸ್ತೀನಿ’ ಎಂದರು. ಅಂದು ಅವರು ಓಡಿಸಿದಷ್ಟು ಚೆನ್ನಾಗಿ ಹಿಂದೆಂದೂ ಓಡಿಸಿರಲಿಲ್ಲ.

ಮೈದಾನಕ್ಕೆ ತಿರುಗಿದರೆ ದೊಡ್ಡ ಮಗ ಕಾಯುತ್ತ ನಿಂತಿದ್ದ. ಪಕ್ಕದಲ್ಲಿ ನಮ್ಮ ಮಾಲೀಕ, ಕೈಯಲ್ಲಿ ಹೂವಿನ ಹಾರ ಇಲ್ಲವೆನ್ನುವುದೊಂದೇ ಕೊರತೆ. ‘ತಮ್ಮ ತಾಯೋರು ನಮ್ಮಲ್ಲೇ ಕಲೀತಾವ್ರೆ ಸಾರ್, ಅವ್ರಿಗೋಸ್ಕರ ಎಸಿ ಎಲ್ಲಾ ಹೊಸದು ಹಾಕ್ಸಿದೀನಿ’ ಎಂದು ಹೇಳಿಕೊಳ್ಳುವ ಆಸೆಯನ್ನು ತಡೆಯಲಾಗದೆ ಅವನೇ ಫೋನ್ ಮಾಡಿ ಕರೆಸಿದ್ದ. ತಾಯಿಯ ಗುಟ್ಟನ್ನು ಮಗನಿಗೆ ಒಪ್ಪಿಸುವುದು ಅವನ ಲೆಕ್ಕದಲ್ಲಿ ಗೌರವ. ಗಂಡಸರು ಗಂಡಸರಿಗೆ ಕೊಟ್ಟುಕೊಳ್ಳುವ ಗೌರವ.

ಮಗ ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು. ಅವನು ಬೈಯಲಿಲ್ಲ. ಬಾಗಿಲು ತೆರೆದು ತಾಯಿಯ ಕೈ ಹಿಡಿದು ಇಳಿಸಿದ. ‘ಏನಮ್ಮ ಇದು, ನನ್ಗೊಂದ್ ಮಾತು ಹೇಳ್ಬಾರ್ದಾ? ನಾಳೆಯಿಂದ ನಿಂಗೆ ಅಂತಾನೇ ಡ್ರೈವರ್ ಇಡ್ತೀನಿ. ದೊಡ್ಡಮ್ಮನ್ ಮನೆಗೆ ದಿನಾ ಬೇಕಾದ್ರೂ ಹೋಗು’ ಎಂದ. ಹಿಂದಿನ ಸೀಟಿನ ಕೆಳಗಿದ್ದ ಚಪ್ಪಲಿಯನ್ನು ತಾನೇ ತಂದು ಅವರ ಕಾಲ ಬಳಿ ಇಟ್ಟ. ಇಷ್ಟು ಒಳ್ಳೆಯ ಮಗನಿಗೆ ಯಾವ ತಾಯಿ ಏನು ಹೇಳಿಯಾಳು? ಅಮ್ಮ ನನ್ನ ಕಡೆ ನೋಡಲೂ ಇಲ್ಲ. ದೊಡ್ಡ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋದರು.

‘ನೋಡಿದ್ರಾ, ಎಂಥಾ ಸಂಸ್ಕಾರ!’ ಎಂದ ಮಾಲೀಕ. ಆಗಲೇ ತಾರೀಕು ಗೊತ್ತಾಗಿದ್ದ ಅಮ್ಮನ ಲೈಸೆನ್ಸ್ ಟೆಸ್ಟ್ ಕ್ಯಾನ್ಸಲ್ ಮಾಡಿಸಿ, ಮಗ ಬೇಡ ಅಂದವ್ರೆ ಎಂದು ನನಗೆ ಹೇಳಿದ. ನಾನು ಕ್ಯಾನ್ಸಲ್ ಮಾಡಿಸಲಿಲ್ಲ. ಆಮೇಲಿನ ದಿನಗಳಲ್ಲಿ ಬೇರೆ ಹೆಂಗಸರು ಆ ತಂಪಿನಲ್ಲಿ ನಗುನಗುತ್ತ ಕಲಿತರು. ಎಂಥ ಒಳ್ಳೇ ಎಸಿ ಮೇಡಂ ಎಂದು ಯಾರಾದರೂ ಹೇಳಿದರೆ ನನಗೆ ಹಲ್ಲು ಕಡಿಯುವಂತಾಗುತ್ತಿತ್ತು.

ಟೆಸ್ಟಿನ ಹಿಂದಿನ ವಾರ ಅಮ್ಮ ಫೋನ್ ಮಾಡಿದರು. ಮಹಡಿಯ ಮೇಲೆ ಬಟ್ಟೆ ಒಣಹಾಕುವ ನೆಪದಲ್ಲಿ ನಿಂತು, ಮೆಲ್ಲಗೆ ಮಾತಾಡಿದರು.

‘ಡ್ರೈವರ್ರು ಕರ್ಕೊಂಡೋದ ಕಣಮ್ಮ, ಇಲ್ಲ ಅನ್ನಲ್ಲ. ಅಕ್ಕನ್ ತಾವ ಕೂತು ಎರಡ್ ಮಾತಾಡೋಷ್ಟ್ರಲ್ಲಿ ಮಗನ್ ಫೋನು. ಎಲ್ಲಿದ್ದೀಯ, ಊಟ ಆಯ್ತಾ, ಯಾವಾಗ್ ಒರಡ್ತೀಯ. ಆಮೇಲೆ ಡ್ರೈವರ್ರು ಬಾಗ್ಲಲ್ಲಿ ನಿಂತ್ಕಂಡು, ಅಣ್ಣಂಗೆ ಗಾಡಿ ಬೇಕಂತೆ ಬನ್ನಿ ಅಂದ. ಅಕ್ಕ ನನ್ ಕೈ ಬುಡ್ಲಿಲ್ಲ. ಬುಡಿಸ್ಕಂಡ್ ಬಂದೆ.’ ಆಮೇಲೆ ಕೇಳಿದರು: ‘ನಂದು ಟೆಸ್ಟು ಇನ್ನೂ ಐತಾ?’

‘ಐತೆ ಅಮ್ಮ’ ಎಂದೆ.

ಟೆಸ್ಟಿನ ದಿನ ಮಾಲೀಕನಿಗೆ ಹೇಳದೆ ಕಾರನ್ನು ಆರ್‌ಟಿಓದವರ ಟೆಸ್ಟ್ ಮೈದಾನಕ್ಕೆ ಒಯ್ದೆ. ಅಮ್ಮ ತಮ್ಮ ಡ್ರೈವರ್ ಬರುವ ಮೊದಲೇ ಆಟೋ ಹತ್ತಿ ಬಂದಿದ್ದರು. ಹಸಿರು ರೇಷ್ಮೆ ಸೀರೆ ಉಟ್ಟಿದ್ದರು, ಮದುವೆಗೆ ಹೊರಟವರ ಹಾಗೆ. ಸಾಲಿನಲ್ಲಿದ್ದ ಹುಡುಗರು ನೋಡಿ ಮುಸಿಮುಸಿ ನಕ್ಕರು. ಅವರಲ್ಲೊಬ್ಬ ರಿವರ್ಸಿನಲ್ಲಿ ಗುರುತಿಗೆ ನೆಟ್ಟ ಕೋಲು ಬೀಳಿಸಿದ, ಇನ್ನೊಬ್ಬ ಏರಿನಲ್ಲಿ ಕಾರು ಹಿಂದಕ್ಕೆ ಬಿಟ್ಟ. ಅಮ್ಮ ಎಂಟರ ಆಕಾರದಲ್ಲಿ ಕಾರು ತಿರುಗಿಸಿದರು, ಏರಿನಲ್ಲಿ ನಿಲ್ಲಿಸಿ ಹೊರಟರು, ರಿವರ್ಸ್ ತೆಗೆದು ಕೋಲುಗಳ ನಡುವೆ ನಿಲ್ಲಿಸಿದರು. ಇನ್ಸ್‌ಪೆಕ್ಟರ್ ಪಾಸ್ ಎಂದು ಬರೆದುಕೊಂಡು ಮುಂದಿನವರನ್ನು ಕರೆದ. ನಾನು ಖುಷಿಗೆ ಅತ್ತೆನೋ ಸಿಟ್ಟಿಗೆ ಅತ್ತೆನೋ, ಕಣ್ಣಲ್ಲಂತೂ ನೀರು ಬಂತು.

ವಾಪಸ್ ಬರುವಾಗಲೂ ಓಡಿಸುತ್ತಿದ್ದ ಅಮ್ಮ ಆರ್.ಟಿ. ನಗರಕ್ಕೆ ತಿರುಗುವ ಬದಲು ಬಲಗಡೆ ಇಂಡಿಕೇಟರ್ ಹಾಕಿದರು. ಅದು ಅಕ್ಕನ ಊರಿನ ದಾರಿ. ಯಲಹಂಕ ದಾಟುವಾಗ ಮಾಲೀಕ ನನ್ನ ಫೋನಿಗೆ ಒಂದೇ ಸಮನೆ ಕರೆ ಮಾಡಿದ. ಎತ್ತಿದೆ. ‘ಗಾಡಿ ಎಲ್ರೀ? ಅವ್ರ ಮಗ ನನ್ನ ಉಗೀತಾವ್ರೆ! ನಾಳೆಯಿಂದ ನೀವ್ ಬರೋದೇ ಬೇಡ’ ಎಂದ. ಸರಿ ಎಂದೆ. ಕೆಲಸ ಹೋಯಿತು ಎನ್ನುವುದು ರಾಜಾನುಕುಂಟೆಯ ಹತ್ತಿರ ಬಂದಮೇಲೆ ತಲೆಗೆ ಹೋಯಿತು. ಅಮ್ಮನಿಗೆ ಹೇಳಲಿಲ್ಲ, ಅವರ ಗಮನವೆಲ್ಲ ರಸ್ತೆಯ ಮೇಲಿತ್ತು.

ಅಕ್ಕನ ಮನೆ ಊರಿನ ಕೊನೆಯಲ್ಲಿತ್ತು. ಅಮ್ಮ ಬಾಗಿಲ ಮುಂದೆಯೇ ಕಾರು ನಿಲ್ಲಿಸಿದರು, ಹ್ಯಾಂಡ್ ಬ್ರೇಕ್ ಎಳೆದರು. ಅವರ ಫೋನ್ ಬಡಿದುಕೊಳ್ಳತೊಡಗಿತು. ಅದನ್ನು ನನ್ನ ಕೈಗೆ ಕೊಟ್ಟರು. ‘ಗಾಡಿ ಓಡಿಸ್ತವ್ಳೆ, ಮಾತಾಡಕಾಗಲ್ಲ ಅನ್ನಮ್ಮ’ ಎಂದು ಹೇಳಿ ಒಳಗೆ ಹೋದರು.

ತೆರೆದ ಬಾಗಿಲಿನಿಂದ ಮಂಚ ಕಾಣುತ್ತಿತ್ತು. ಅಮ್ಮ ಕಾಲು ಮಡಚಿ ಮೇಲೆ ಕೂತು ಅಕ್ಕನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಯಾರನ್ನೋ ಕರೆದು ಕೊಬ್ಬರಿ ಎಣ್ಣೆ ಕೇಳಿದರು. ಆ ಮುದುಕಿ ಏನೋ ಹೇಳಿತು, ಇಬ್ಬರೂ ನಕ್ಕರು. ನಾನು ಬಾಗಿಲಿಗೆ ಬೆನ್ನು ಮಾಡಿ ಫೋನ್ ಎತ್ತಿದೆ.

‘ನಿಮ್ಮ ತಾಯಿ ಗಾಡಿ ಓಡಿಸ್ತಿದ್ದಾರೆ ಸಾರ್, ಮಾತಾಡೋಕಾಗಲ್ಲ’ ಎಂದೆ.

ಆ ಒಳ್ಳೆಯ ಮಗ ಈಗ ಕಿರುಚಿದ. ‘ಯಾರ್ನ ಕೇಳಿ ಕರ್ಕೊಂಡೋದ್ರಿ? ಎಷ್ಟೊತ್ತಿಗೆ ವಾಪಸ್ ಕರ್ಕೊಂಡ್ ಬರ್ತೀರಾ?’

‘ನಾನು ಕರ್ಕೊಂಡ್ ಬಂದಿಲ್ಲ ಸಾರ್’ ಎಂದೆ. ‘ಅವ್ರೇ ನನ್ನ ಕರ್ಕೊಂಡ್ ಬಂದವ್ರೆ. ಅವ್ರು ಹೊರಟಾಗ ನಾನೂ ಬರ್ತೀನಿ.’